ದಾನಚಿಂತಾಮಣಿ ಅತ್ತಿಮಬ್ಬೆ

ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡು ಶಾಸನಗಳ ನಾಡು. ಬಳಗಾನೂರಿಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಬಂಡೆಗಲ್ಲಿನ ಬರಹವು, ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬುದನ್ನು ಲೋಕಕ್ಕೆ ತಿಳಿಸಿತು. ಅಲ್ಲಿಂದ ಪಡುವಣಕ್ಕೆ ಸಾಗಿದರೆ ಕೊಪ್ಪಳ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೆಸರಿಸಿದ ಕೊಪಣನಗರವದು, ಜೈನರ ಮಹಾತೀರ್ಥ. ಕೊಪ್ಪಳವನ್ನು ದಾಟಿ ಗದಗಿನ ಹಾದಿ ಹಿಡಿದರೆ, ಗದಗು ಇನ್ನು ಸುಮಾರು 12 ಕಿಲೋಮೀಟರು ಇರುವಾಗ, ಎರೆಹೊಲಗಳ ನಡುವೆ ಲಕ್ಕುಂಡಿ ಎಂಬ ಊರು ಎದುರಾಗುತ್ತದೆ. ಇಂದು ಅದು ಜೋಳ, ಹತ್ತಿ, ಶೇಂಗಾ ಬೆಳೆಯುವ ಸಾಧಾರಣ ಗ್ರಾಮ. ಸಾವಿರ ವರ್ಷಗಳ ಹಿಂದೆ ಅದೇ ಲೊಕ್ಕಿಗುಂಡಿ. ತನ್ನದೇ ಟಂಕಸಾಲೆಯಿದ್ದು, ಲೊಕ್ಕಿಗುಂಡಿಯ ಗದ್ಯಾಣವೆಂದು ದೂರದೂರಕ್ಕೂ ಸಲ್ಲುವ ಹೊನ್ನನ್ನು ಅಚ್ಚುಹಾಕುತ್ತಿದ್ದ ಪಟ್ಟಣ. ಈ ಊರಿನ ಹೆಸರಿನೊಡನೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿರುವ ಪ್ರಾತಃಸ್ಮರಣೀಯಳು ಅತ್ತಿಮಬ್ಬೆ.

ಆಕೆಯ ಪೂರ್ವಜರು ವೆಂಗಿ ಮಂಡಲದ ಕಮ್ಮೆನಾಡಿನವರು, ಕೌಂಡಿನ್ಯ ಗೋತ್ರದವರು. ಪುಂಗನೂರಿನ ನಾಗಮಯ್ಯನಿಗೆ ಮಲ್ಲಪ, ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಇಬ್ಬರೂ ಕತ್ತಿ ಹಿಡಿದ ವೀರರು, ಇಬ್ಬರೂ ಜಿನಭಕ್ತರು. ತಮ್ಮ ಗುರು ಜಿನಚಂದ್ರದೇವರ ಸ್ಮರಣೆಗಾಗಿ ಅವರು ಗುಡಿಯನ್ನಲ್ಲ, ಒಂದು ಕಾವ್ಯವನ್ನು ಕಟ್ಟಿಸಿದರು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎನಿಸಿಕೊಂಡ ಪೊನ್ನನಿಂದ ಹದಿನಾರನೆಯ ತೀರ್ಥಂಕರರ ಚರಿತ್ರೆಯಾದ ಶಾಂತಿಪುರಾಣವನ್ನು ಬರೆಯಿಸಿದರು. ಪುನ್ನಮಯ್ಯ ಮುಂದೆ ಯುದ್ಧದಲ್ಲಿ ಮಡಿದ. ಮಲ್ಲಪನ ಮಗಳು ಅತ್ತಿಮಬ್ಬೆ. ಕಾವ್ಯವನ್ನು ಪೂಜೆಯ ಸಾಮಗ್ರಿಯಷ್ಟೇ ಪವಿತ್ರವೆಂದು ಬಗೆದ ಮನೆಯಲ್ಲಿ ಆಕೆ ಬೆಳೆದಳೆಂಬುದನ್ನು ಮರೆತರೆ, ಆಕೆಯ ಮುಂದಿನ ಬಾಳು ಅರ್ಥವಾಗಲಾರದು.

973ರಲ್ಲಿ ರಾಷ್ಟ್ರಕೂಟರ ಆಳ್ವಿಕೆ ಮುಗಿದು ಕಲ್ಯಾಣ ಚಾಲುಕ್ಯರ ತೈಲಪನು ನಾಡಿನ ಒಡೆಯನಾದ. ಅವನ ಮಂತ್ರಿ ಧಲ್ಲಪ. ಧಲ್ಲಪನ ಮಗ ದಂಡನಾಯಕ ನಾಗದೇವ. ಅತ್ತಿಮಬ್ಬೆಯೂ ಆಕೆಯ ತಂಗಿ ಗುಂಡಮಬ್ಬೆಯೂ ಈ ನಾಗದೇವನ ಕೈಹಿಡಿದರು. ತವರೂ ಅತ್ತೆಮನೆಯೂ ಸೇನೆಯ ಮನೆಗಳೇ. ಹೊಸ ರಾಜ್ಯವನ್ನು ನೆಲೆಗೊಳಿಸುವ ಆ ದಿನಗಳಲ್ಲಿ ದಂಡನಾಯಕನಿಗೆ ಮನೆಗಿಂತ ಪಾಳೆಯವೇ ಹೆಚ್ಚಿನ ವಾಸ. ಎಳೆಯ ಪ್ರಾಯದಲ್ಲಿಯೇ ನಾಗದೇವ ತೀರಿಕೊಂಡ.

ಆಗ ಒಂದೇ ಮನೆಯ ಇಬ್ಬರು ಅಕ್ಕತಂಗಿಯರ ಮುಂದೆ ಎರಡು ದಾರಿಗಳಿದ್ದವು. ಗುಂಡಮಬ್ಬೆ ಪತಿಯೊಡನೆ ಚಿತೆಯೇರಿದಳು. ಸಹಗಮನವನ್ನು ಕಲ್ಲಿನಲ್ಲಿ ಕೆತ್ತಿ ಕೊಂಡಾಡುತ್ತಿದ್ದ ಕಾಲವದು. ಅಕ್ಕನೂ ಅದೇ ಹಾದಿ ಹಿಡಿದಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಅತ್ತಿಮಬ್ಬೆ ಹಾಗೆ ಮಾಡಲಿಲ್ಲ. ಮಡಿಲಲ್ಲಿ ಅಣ್ಣಿಗದೇವನೆಂಬ ಮಗನಿದ್ದ. ಬೆಂಕಿಗೆ ಬೀಳುವುದು ಆತ್ಮಹಿಂಸೆಯೇ ಹೊರತು ತಪಸ್ಸಲ್ಲವೆಂಬುದು ಜಿನಮತದ ನಿಲುವು. ಆಕೆ ಬದುಕಿಯೇ ವ್ರತಸ್ಥಳಾದಳು. ದೀಕ್ಷೆ ಪಡೆದು ಕಂತಿಯಾಗದೆ, ಮನೆಯಲ್ಲಿಯೇ ಇದ್ದು, ಉಪವಾಸ ನೋಂಪಿಗಳಿಂದ ದೇಹವನ್ನು ದಂಡಿಸುತ್ತ ಮಗನನ್ನು ಬೆಳೆಸಿದಳು. ಇಬ್ಬರಲ್ಲಿ ಕಠಿನವಾದ ಹಾದಿ ಯಾರದೆಂದು ಕೇಳಿದರೆ, ಒಂದು ದಿನದ ಉರಿಗಿಂತ ಹಲವು ದಶಕಗಳ ವ್ರತವೇ ಕಠಿನವೆನ್ನಬೇಕಾಗುತ್ತದೆ. ಆ ಮಗ ಮುಂದೆ ಪಡೆವಳ ತೈಲನೆನಿಸಿ ಮಾಸವಾಡಿ ನೂರನಲವತ್ತರ ಆಡಳಿತವನ್ನು ವಹಿಸಿಕೊಂಡ.

ಕೈಯಲ್ಲಿದ್ದ ಸಂಪತ್ತನ್ನು ಅತ್ತಿಮಬ್ಬೆ ವಿನಿಯೋಗಿಸಿದ ಬಗೆಯನ್ನು ನಿಧಾನವಾಗಿ ನೋಡಬೇಕು. ಮೊದಲನೆಯದು ಶಾಸ್ತ್ರದಾನ. ತಂದೆ ಚಿಕ್ಕಪ್ಪಂದಿರು ಬರೆಯಿಸಿದ ಶಾಂತಿಪುರಾಣದ ಪ್ರತಿಗಳು ವಿರಳವಾಗತೊಡಗಿದಾಗ ಆಕೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಕೂಟದ ಕಾಲದಲ್ಲಿ ಸಾವಿರವೆಂಬುದು ಸಣ್ಣ ಸಂಖ್ಯೆ. ಓಲೆಗರಿಯ ಕಾಲದಲ್ಲಿ ಹಾಗಲ್ಲ. ಗರಿಗಳನ್ನು ಹದಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ಕಂಠದ ಮೊನೆಯಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ಪೂಸಿ, ದಾರ ಪೋಣಿಸಿ, ಹಲಗೆ ಕಟ್ಟಬೇಕು. ಲಿಪಿಕಾರರಿಗೆ ಊಟ, ವಸತಿ, ಸಂಭಾವನೆ; ಬರೆದುದನ್ನು ಮೂಲದೊಡನೆ ಒಪ್ಪ ನೋಡಲು ಬಲ್ಲವರು; ಇಷ್ಟನ್ನೂ ಒದಗಿಸುವುದು ಒಂದು ಬಸದಿಯನ್ನು ಕಟ್ಟಿಸುವುದಕ್ಕಿಂತ ಹಗುರವಾದ ಕೆಲಸವಲ್ಲ. ಇದರ ಬೆಲೆ ತಿಳಿಯಬೇಕಾದರೆ ಉಳಿಯದೆ ಹೋದ ಗ್ರಂಥಗಳನ್ನು ನೆನೆಯಬೇಕು. ಅದೇ ಪೊನ್ನ ಬರೆದ ಭುವನೈಕರಾಮಾಭ್ಯುದಯ ಇಂದು ಸಿಕ್ಕುವುದಿಲ್ಲ. ಮೊದಲನೆಯ ಗುಣವರ್ಮನ ಶೂದ್ರಕ, ಹರಿವಂಶಗಳೂ ಇಲ್ಲ. ಶಾಂತಿಪುರಾಣ ಇದೆ.

ಎರಡನೆಯದು ಬಿಂಬದಾನ. 1501 ಎಂಬ ಸಂಖ್ಯೆ ಅತ್ತಿಮಬ್ಬೆಯ ಹೆಸರಿನೊಡನೆ ಜೈನರಿಗೆ ಮನೆಮಾತು. ಅಷ್ಟು ಬಸದಿಗಳನ್ನು ಕಟ್ಟಿಸಿದಳೆಂದು ಕೆಲವರು, ಚಿನ್ನ ಮತ್ತು ರತ್ನಗಳ ಅಷ್ಟು ಜಿನಪ್ರತಿಮೆಗಳನ್ನು ಮಾಡಿಸಿ ಕೊಟ್ಟಳೆಂದು ಕೆಲವರು ಹೇಳುತ್ತಾರೆ. ಎರಡನೆಯದೇ ಹೆಚ್ಚು ಸಂಭಾವ್ಯ. ಬಸದಿಯಿಲ್ಲದ ಊರಿನ ಶ್ರಾವಕನ ಮನೆಯಲ್ಲಿಯೂ ಅಂಗೈಯಗಲದ ಒಂದು ಬಿಂಬವಿದ್ದರೆ ನಿತ್ಯದ ಅಭಿಷೇಕ ನಿಲ್ಲದು.

ಆಕೆಯ ಸುತ್ತ ಅತಿಶಯಗಳೂ ಬೆಳೆದವು. ಗೋದಾವರಿಯ ಮಹಾಪೂರ ಆಕೆಯ ಭಕ್ತಿಗೆ ಮಣಿದು ತಡೆದು ನಿಂತಿತಂತೆ. ಚಾವುಂಡರಾಯನು 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಗೊಮ್ಮಟೇಶ್ವರನನ್ನು ಕಾಣುವವರೆಗೆ ಅನ್ನ ಮುಟ್ಟೆನೆಂದು ವ್ರತ ತೊಟ್ಟು ಹೊರಟು, ಬೆಟ್ಟವನ್ನೇರಿ ದಣಿದಾಗ ಕಾಲವಲ್ಲದ ಕಾಲದಲ್ಲಿ ಮಳೆ ಸುರಿದು ದಣಿವಾರಿಸಿತಂತೆ. ಇಂಥ ಕಥೆಗಳನ್ನು ಭಕ್ತರು ನಂಬುವರು, ಚರಿತ್ರಕಾರರು ಬದಿಗಿಡುವರು. ಆದರೆ ಒಬ್ಬ ವಿಧವೆಯ ಸುತ್ತ ಸಮಕಾಲೀನರೇ ಇಂಥ ಅತಿಶಯಗಳನ್ನು ಹೆಣೆದು ಕಲ್ಲಿಗೂ ಕಾವ್ಯಕ್ಕೂ ಏರಿಸಿದರೆಂಬುದು ಇಬ್ಬರೂ ಒಪ್ಪಬೇಕಾದ ಸಂಗತಿ. ದಾನಚಿಂತಾಮಣಿ, ಗುಣದಂಕಕಾರ್ತಿ, ಘಟಾಂತಕದೇವಿ ಎಂಬ ಬಿರುದುಗಳು ಆಕೆಗೆ ಸಂದವು.

ಮೂರನೆಯದು ಲೊಕ್ಕಿಗುಂಡಿಯ ಬಸದಿ. ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆಯಲ್ಲಿ, ಶಕವರ್ಷ 929ರಲ್ಲಿ, ಎಂದರೆ ಕ್ರಿ.ಶ. 1007ರಲ್ಲಿ, ಅತ್ತಿಮಬ್ಬೆ ತಾನು ಕಟ್ಟಿಸಿದ ಜಿನಾಲಯಕ್ಕೆ ಭೂಮಿಯನ್ನು ಬಿಟ್ಟು, ಸೂರಸ್ಥ ಗಣದ ಅರ್ಹಣಂದಿ ಪಂಡಿತರ ವಶಕ್ಕೆ ಒಪ್ಪಿಸಿದಳು. ಲಕ್ಕುಂಡಿಯಲ್ಲಿ ಇಂದು ಬ್ರಹ್ಮಜಿನಾಲಯವೆಂದು ಪ್ರಸಿದ್ಧವಾಗಿರುವುದು ಇದೇ ಎಂದು ಗುರುತಿಸಲಾಗಿದೆ. ಹಿಂದಿನ ಗುಡಿಗಳ ಒರಟು ಮರಳುಗಲ್ಲನ್ನು ಬಿಟ್ಟು, ಉಳಿಗೆ ಮೆತ್ತಗೆ ಒಲಿಯುವ ಬಳಪದ ಜಾತಿಯ ಕಲ್ಲನ್ನು ಬಳಸಿದ ಮೊದಲ ದೊಡ್ಡ ಕಟ್ಟಡಗಳಲ್ಲಿ ಅದೂ ಒಂದು. ಒಳಗಿನ ಚತುರ್ಮುಖ ಬ್ರಹ್ಮ ಮತ್ತು ಪದ್ಮಾವತಿಯರ ಮೂರ್ತಿಗಳು ನೋಡುವವರ ಹೆಜ್ಜೆಯನ್ನು ತಡೆಯುತ್ತವೆ. ಬಸದಿಗೆ ಹೊಲ ಬಿಡುವುದು ಅಂದಿನ ವಿವೇಕ. ಮತ್ತರುಗಳ ಲೆಕ್ಕದಲ್ಲಿ ಅಳೆದು ಬಿಟ್ಟ ನೆಲದ ಬೆಳೆಯಿಂದ ನಿತ್ಯಪೂಜೆ, ಋಷಿಯರ ಆಹಾರದಾನ, ಒಡೆದು ಬಿರಿದುದರ ಜೀರ್ಣೋದ್ಧಾರ ನಡೆಯಬೇಕು. ಪ್ರತಿಷ್ಠೆ ಒಂದು ದಿನದ್ದು, ದೀಪದ ಎಣ್ಣೆ ಪ್ರತಿದಿನದ್ದು.

ಆ ವರ್ಷವೇ ನಾಡಿಗೆ ಕೆಟ್ಟ ವರ್ಷ. ಚೋಳರ ಸೇನೆ ಒಂಬತ್ತು ಲಕ್ಷ ದಂಡಿನೊಡನೆ ದೋಣೂರಿನವರೆಗೆ ನುಗ್ಗಿ, ನಾಡನ್ನು ಸೂರೆಮಾಡಿ, ಹೆಂಗಸರು ಮಕ್ಕಳೆನ್ನದೆ ಕೊಂದುದನ್ನು ಹೊತ್ತೂರಿನ ಶಾಸನ ಹೇಳುತ್ತದೆ. ಅದರ ಕಾಲವೂ ಶಕ 929. ಸೇನೆಯ ಮನೆಯಲ್ಲಿ ಹುಟ್ಟಿ ಸೇನೆಯ ಮನೆಗೆ ಸೊಸೆಯಾದವಳಿಗೆ ಈ ಸುದ್ದಿಗಳ ತೂಕ ಗೊತ್ತಿಲ್ಲದೆ ಇರಲಿಲ್ಲ. ಆದರೂ ಭೂಮಿಯನ್ನು ಅಳೆದು ಬಿಡುವ ಕಾರ್ಯ ನಡೆಯಿತು. ಮುಂದೆ 1021ರ ಸುಮಾರಿಗೆ ಚೋಳ ಚಾಲುಕ್ಯರು ಮುಯಂಗಿಯಲ್ಲಿ ಕಾದಿದರು. ಅದು ಎಡೆದೊರೆಯ ಮಸ್ಕಿಯೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಇನ್ನೂ ಕೆಲವು ದಶಕಗಳಿಗೆ ಬೆಳ್ವೊಲ ನಾಡಿನ ಜಿನಾಲಯಗಳಿಗೆ ಚೋಳನು ಬೆಂಕಿಯಿಕ್ಕಿದನು. ಗಂಗ ಬೂತುಗನು ಅಣ್ಣಿಗೆರೆಯಲ್ಲಿ ಕಟ್ಟಿಸಿದ್ದ ಬಸದಿಯೂ ಹಾಳಾಯಿತು. ಅದನ್ನು ಲಕ್ಷ್ಮರಸನು ಪುನಃ ಸ್ಥಾಪಿಸಿದ ವಿವರ 1071ರ ಗಾವರವಾಡದ ಶಾಸನದಲ್ಲಿದೆ. ಲೊಕ್ಕಿಗುಂಡಿ ಬಾಳಿತು, 1192ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳನು ಅದನ್ನು ತನ್ನ ನೆಲೆವೀಡನ್ನಾಗಿ ಮಾಡಿಕೊಂಡ.

ಅತ್ತಿಮಬ್ಬೆಯ ಬಾಳನ್ನು ನಮಗೆ ಉಳಿಸಿಕೊಟ್ಟವನು ಕವಿ ರನ್ನ. ಮುದುವೊಳಲಿನ ಬಳೆಗಾರರ ಮನೆಯ ಹುಡುಗನವನು. ಓದಿನ ಹಂಬಲದಿಂದ ಊರು ಬಿಟ್ಟು ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯದಲ್ಲಿ ಬೆಳೆದವನು. ಎರಡನೆಯ ತೀರ್ಥಂಕರರ ಚರಿತ್ರೆಯಾದ ಅಜಿತಪುರಾಣವನ್ನು ಅವನಿಂದ ಬರೆಯಿಸಿದವಳು ಅತ್ತಿಮಬ್ಬೆ. ಅದು 993ರಲ್ಲಿ ಪೂರ್ಣವಾಯಿತು. ಹೀಗೆ ತಂದೆ ಪೊನ್ನನಿಂದ, ಮಗಳು ರನ್ನನಿಂದ, ಒಂದೇ ಮನೆತನದವರು ಎರಡು ಜಿನಪುರಾಣಗಳನ್ನು ಕನ್ನಡಕ್ಕೆ ತಂದರು. ಚಕ್ರವರ್ತಿಯಿಂದ ಬಿರುದು ಪಡೆದ ರನ್ನನು ತನ್ನ ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯನೆಂದು ಹೆಸರಿಟ್ಟ. ಮಗಳಿಗೆ ಇಟ್ಟ ಹೆಸರು ಅತ್ತಿಮಬ್ಬೆ.