ಹೊತ್ತಗೆ ಹುಡುಕಿ ಹೊರಟ ಅಲೆಮಾರಿ

ನನ್ನ ಮೊಬೈಲ್‌ನಲ್ಲೊಂದು ಪಟ್ಟಿಯಿದೆ. ಮೂವತ್ತು ತುಂಬುವುದರೊಳಗೆ ನೋಡಬೇಕಾದ ಊರುಗಳು, ಓದಬೇಕಾದ ಪುಸ್ತಕಗಳು. ಹೆಚ್ಚಿನವುಗಳ ಮುಂದೆ ಇನ್ನೂ ಟಿಕ್ ಬಿದ್ದಿಲ್ಲ. ಯಾಕೆ ಅಂದರೆ ಉತ್ತರ ಸಿದ್ಧ: ಕೈಯಲ್ಲಿ ದುಡ್ಡಿಲ್ಲ, ಕೆಲಸ ಸಿಗಲಿ, ಆಮೇಲೆ ನೋಡೋಣ. ಇಂಥದ್ದೊಂದು ಪಟ್ಟಿ ನಿಮ್ಮಲ್ಲೂ ಇದ್ದರೆ ರಾಹುಲ ಸಾಂಕೃತ್ಯಾಯನರ ಬದುಕನ್ನೊಮ್ಮೆ ನೋಡಿ.

1893ರ ಏಪ್ರಿಲ್ 9ರಂದು ಈಗಿನ ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಪಂದಹಾ ಗ್ರಾಮದಲ್ಲಿ ಹುಟ್ಟಿದಾಗ ಅವರು ಕೇದಾರನಾಥ ಪಾಂಡೆ. ಶಾಲೆಯ ಓದು ಮಿಡ್ಲ್ ಸ್ಕೂಲಿಗೇ ಮುಗಿಯಿತು. ಆದರೆ ಉರ್ದು ಪಠ್ಯದಲ್ಲಿದ್ದ, ಲೋಕ ಸುತ್ತಲು ಕರೆಯುವ ಎರಡು ಸಾಲಿನ ಪದ್ಯ ತಲೆಯಲ್ಲಿ ಕೂತುಬಿಟ್ಟಿತ್ತು. ಹದಿಹರೆಯದಲ್ಲೇ ಮನೆ ಬಿಟ್ಟು ಕಲ್ಕತ್ತೆಗೆ ಓಡಿದರು. ಮುಂದೆ, ಐವತ್ತು ತುಂಬುವವರೆಗೆ ಹುಟ್ಟಿದ ಜಿಲ್ಲೆಗೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿದರು. ಮರಳಿ ಬಂದದ್ದು 1943ರಲ್ಲಿ. ಚಿಕ್ಕಂದಿನಲ್ಲೇ ಮನೆಯವರು ಮಾಡಿಸಿದ್ದ ಮದುವೆಯನ್ನು ಅವರು ಒಪ್ಪಲೇ ಇಲ್ಲ. ಆ ಹಠದ ಬೆಲೆಯನ್ನು ಊರಲ್ಲೇ ಉಳಿದ ಹೆಣ್ಣುಮಗಳೂ ತೆತ್ತಳು. ಅದನ್ನು ಬಿಟ್ಟು ಅವರ ಕಥೆ ಹೇಳಿದರೆ ಅರ್ಧ ಮಾತ್ರ ಹೇಳಿದಂತೆ.

ಓದು ಎಲ್ಲಿದೆಯೋ ಅಲ್ಲಿಗೆ ಅವರ ಕಾಲು ಹೊರಡುತ್ತಿತ್ತು. ಕಾಶಿಯಲ್ಲಿ ಸಂಸ್ಕೃತ, ಆಗ್ರಾದಲ್ಲಿ ಅರಬ್ಬಿ. ಬಿಹಾರದ ಮಠವೊಂದರಲ್ಲಿ ಸಾಧುವಾದರು. 1921ರಲ್ಲಿ ಕೆಲವು ತಿಂಗಳು ನಮ್ಮ ಕೊಡಗಿನಲ್ಲೂ ಇದ್ದರು. ಅಲ್ಲಿಂದ ಬಿಹಾರಕ್ಕೆ ಹೋಗಿ ಅಸಹಕಾರ ಚಳವಳಿಗೆ ಇಳಿದು ಜೈಲು ಕಂಡರು. 1927ರಲ್ಲಿ ಶ್ರೀಲಂಕಾದ ವಿದ್ಯಾಲಂಕಾರ ವಿಹಾರದಲ್ಲಿ ಸಂಸ್ಕೃತ ಕಲಿಸುವ ಕೆಲಸ ಸಿಕ್ಕಿತು. ಹಗಲು ಕಲಿಸಿದರು, ಉಳಿದ ಹೊತ್ತಿನಲ್ಲಿ ಪಾಲಿ ಕಲಿತು ತ್ರಿಪಿಟಕ ಓದಿದರು. ಓದುತ್ತಾ ಹೋದಂತೆ ಒಂದು ವಿಷಯ ಕಾಡತೊಡಗಿತು. ನಾಲಂದಾ, ವಿಕ್ರಮಶಿಲಾ ನಾಶವಾದ ಮೇಲೆ ಭಾರತದಲ್ಲಿ ಕಣ್ಮರೆಯಾದ ಎಷ್ಟೋ ಬೌದ್ಧ ಗ್ರಂಥಗಳು ಟಿಬೆಟ್ಟಿನ ಮಠಗಳಲ್ಲಿ ಉಳಿದಿದ್ದವು. ಹಾಗಾದರೆ ಅಲ್ಲಿಗೇ ಹೋಗಬೇಕು.

ಆಗ ಭಾರತೀಯರಿಗೆ ಟಿಬೆಟ್ ಪ್ರವೇಶವಿರಲಿಲ್ಲ. 1929ರಲ್ಲಿ ಭಿಕ್ಷುಕನ ವೇಷ ತೊಟ್ಟು ನೇಪಾಳದ ದಾರಿ ಹಿಡಿದರು. ಹದಿನಾರು, ಹದಿನೇಳು ಸಾವಿರ ಅಡಿ ಎತ್ತರದ ಕಣಿವೆದಾರಿ, ಡಕಾಯಿತರ ಭಯ. ಅನುಮಾನ ಬರುವಂಥವರು ಎದುರಾದರೆ ಟೋಪಿ ತೆಗೆದು, ನಾಲಗೆ ಚಾಚಿ ಕಾಸು ಬೇಡುತ್ತಿದ್ದರು. ಭಿಕ್ಷುಕನನ್ನು ಯಾರು ದೋಚುತ್ತಾರೆ? ದಾರಿಯ ಮಠವೊಂದರಲ್ಲಿ ಬುದ್ಧವಚನದ 103 ಹಸ್ತಪ್ರತಿ ಸಂಪುಟಗಳು ಕಂಡವು. ಒಂದೊಂದೂ ಹದಿನೈದು ಸೇರು ತೂಕದ್ದು. ಜೊತೆಗಿದ್ದವರು ಅಕ್ಕಪಕ್ಕದ ಹಳ್ಳಿಗೆ ಹೋಗಿಬರುತ್ತೇನೆಂದರೆ ಇವರದು ಅಡ್ಡಿಯಿಲ್ಲ. ಆಗಲೇ ಹೊತ್ತಗೆಯೊಳಗೆ ಮುಳುಗಿದ್ದರು.

ಮರಳುವಾಗ ಹೇಸರಗತ್ತೆಗಳ ಬೆನ್ನ ಮೇಲೆ ಗ್ರಂಥಗಳು, ಚಿತ್ರಪಟಗಳು ಬಂದವು. 1930ರಲ್ಲಿ ಬೌದ್ಧ ಭಿಕ್ಷುವಾಗಿ ರಾಹುಲ ಎಂಬ ಹೆಸರು ಪಡೆದರು. 1934, 1936, 1938ರಲ್ಲಿ ಮತ್ತೆ ಟಿಬೆಟ್ಟಿಗೆ ಹೋದರು. ತರಲಾಗದ ಹಸ್ತಪ್ರತಿಗಳನ್ನು ಕೈಯಿಂದ ನಕಲು ಮಾಡಿದರು, ಇಲ್ಲವೇ ಫೋಟೊ ತೆಗೆದರು. ಧರ್ಮಕೀರ್ತಿಯ ಪ್ರಮಾಣವಾರ್ತಿಕದ ಸಂಸ್ಕೃತ ಮೂಲ ಹೀಗೆ ಸಿಕ್ಕಿತು. ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ತಂದದ್ದನ್ನು ಮನೆಯಲ್ಲಿಟ್ಟುಕೊಳ್ಳಲಿಲ್ಲ, ಪಟ್ನಾದ ಸಂಸ್ಥೆಗಳಿಗೆ ಒಪ್ಪಿಸಿದರು.

ಡಿಗ್ರಿಯಿಲ್ಲದ ಈ ಮನುಷ್ಯ ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 1942ರಲ್ಲಿ ಹಜಾರಿಬಾಗ್ ಜೈಲಿನಲ್ಲಿ ಬರೆದ ಇಪ್ಪತ್ತು ಕಥೆಗಳ ವೋಲ್ಗಾ ಗಂಗಾ ಕನ್ನಡಕ್ಕೂ ಬಂದಿದೆ. ಊರೂರು ಸುತ್ತುವುದು ಹೇಗೆಂದು ಹೇಳಿಕೊಡಲೆಂದೇ ಘುಮಕ್ಕಡ್ ಶಾಸ್ತ್ರ ಬರೆದರು. ಹೆಣ್ಣುಮಕ್ಕಳೂ ಹೊರಡಬೇಕೆಂದು ಅದರಲ್ಲಿ ವಾದಿಸಿದರು. ಅವರ ಪುಸ್ತಕಗಳು ನೂರು ದಾಟುತ್ತವೆ.

ಕೊನೆಗಾಲ ಕ್ರೂರವಾಗಿತ್ತು. 1961ರ ಕೊನೆಯಲ್ಲಿ ಕಾಯಿಲೆ ಬಿದ್ದು ನೆನಪಿನ ಶಕ್ತಿ ಕಳೆದುಕೊಂಡರು. ಹತ್ತಾರು ಭಾಷೆ ಬಲ್ಲವರ ತಲೆಯಿಂದ ಓದಿದ್ದು, ನಡೆದದ್ದು ಎಲ್ಲ ಅಳಿಸಿಹೋಯಿತು. ಸೋವಿಯತ್ ಒಕ್ಕೂಟದ ಚಿಕಿತ್ಸೆಯೂ ಫಲಿಸಲಿಲ್ಲ. ಪದ್ಮಭೂಷಣ ಬಂದ ವರ್ಷವೇ, 1963ರ ಏಪ್ರಿಲ್ 14ರಂದು, ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡರು.

ಅವರಿಗೇ ನೆನಪಿಲ್ಲದ ಪಯಣಗಳು ಇವತ್ತು ನಮಗೆ ಓದಲು ಸಿಗುವುದು ಅವರು ಬರೆದಿಟ್ಟದ್ದರಿಂದ, ಕೊಟ್ಟುಹೋದದ್ದರಿಂದ. ನಾನೀಗ ನನ್ನ ಪಟ್ಟಿಗೆ ಹೊಸದೊಂದು ಕಲಂ ಸೇರಿಸಿದ್ದೇನೆ: ನೋಡಿ ಬಂದ ಮೇಲೆ, ಓದಿ ಮುಗಿಸಿದ ಮೇಲೆ ಯಾರಿಗೆ ಏನು ಕೊಟ್ಟೆ? ಅದು ತುಂಬಿದ ಮೇಲೆಯೇ ಟಿಕ್. ಈ ಭಾನುವಾರ ಊರಿನ ಗ್ರಂಥಾಲಯದಿಂದಲೇ ಶುರು. ಅದಕ್ಕೆ ಕೆಲಸ ಸಿಗುವವರೆಗೆ ಕಾಯಬೇಕಿಲ್ಲ.