ಮುಖ್ಯ ನ್ಯಾಯಮೂರ್ತಿ ಲೆಮ್ಯುಯೆಲ್ ಶಾ (1781–1861)

ಅಮೆರಿಕದ ನ್ಯಾಯಾಂಗದ ಇತಿಹಾಸದಲ್ಲಿ ರಾಜ್ಯ ನ್ಯಾಯಾಲಯವೊಂದರಲ್ಲಿದ್ದುಕೊಂಡೇ ಇಡೀ ರಾಷ್ಟ್ರದ ಕಾನೂನಿನ ಮೇಲೆ ಪ್ರಭಾವ ಬೀರಿದವರಲ್ಲಿ ಲೆಮ್ಯುಯೆಲ್ ಶಾ ಅವರು ಪ್ರಮುಖರು.

ಶಾ ಅವರು 1781ರ ಜನವರಿ 9ರಂದು ಮ್ಯಾಸಚೂಸೆಟ್ಸ್ ರಾಜ್ಯದ ಬಾರ್ನ್‌ಸ್ಟೇಬಲ್‌ನಲ್ಲಿ ಜನಿಸಿದರು. ಇವರ ತಂದೆ ಓಕ್ಸ್ ಶಾ ಅವರು ಕ್ರೈಸ್ತ ಧರ್ಮಗುರುಗಳಾಗಿದ್ದರು. 1800ರಲ್ಲಿ ಹಾರ್ವರ್ಡ್‌ನಿಂದ ಪದವಿ ಪಡೆದ ಶಾ ಅವರು 1804ರಲ್ಲಿ ವಕೀಲರಾಗಿ, ಬೋಸ್ಟನ್‌ನಲ್ಲಿ ವೃತ್ತಿ ನಡೆಸಿದರು. 1822ರಲ್ಲಿ ಬೋಸ್ಟನ್ ನಗರಾಡಳಿತದ ಸನ್ನದನ್ನು ರಚಿಸಿದವರು ಇವರೇ. ಡೇನಿಯಲ್ ವೆಬ್‌ಸ್ಟರ್ ಅವರ ಒತ್ತಾಯಕ್ಕೆ ಮಣಿದು, ಲಾಭದಾಯಕವಾಗಿದ್ದ ವಕೀಲಿ ವೃತ್ತಿಯನ್ನು ತ್ಯಜಿಸಿ, 1830ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಹುದ್ದೆಯನ್ನು ಸ್ವೀಕರಿಸಿದರು. 30 ವರ್ಷಗಳ ಸೇವಾವಧಿಯಲ್ಲಿ ಸುಮಾರು 2,200 ತೀರ್ಪುಗಳನ್ನು ಬರೆದರು.

1836ರಲ್ಲಿ, ಗುಲಾಮಗಿರಿಯಿದ್ದ ಲೂಸಿಯಾನದಿಂದ ಒಡತಿಯೊಡನೆ ಬೋಸ್ಟನ್‌ಗೆ ಬಂದಿದ್ದ ಮೆಡ್ ಎಂಬ ಪುಟ್ಟ ಬಾಲಕಿಯ ಪ್ರಕರಣ ಇವರ ಮುಂದೆ ಬಂದಿತು. ಒಡೆಯರೇ ಕರೆತಂದ ಗುಲಾಮರನ್ನು ಈ ರಾಜ್ಯದಲ್ಲಿ ಬಲವಂತವಾಗಿ ಹಿಡಿದಿಡಲಾಗದೆಂದು ತೀರ್ಪಿತ್ತು, ಆಕೆಯನ್ನು ಬಂಧಮುಕ್ತಗೊಳಿಸಿದರು. 1842ರಲ್ಲಿ ಬೋಸ್ಟನ್‌ನ ಪಾದರಕ್ಷೆ ತಯಾರಕರ ಪ್ರಕರಣದಲ್ಲಿ, ಕಾರ್ಮಿಕರು ಸಂಘ ಕಟ್ಟುವುದು ತನ್ನಷ್ಟಕ್ಕೆ ಅಪರಾಧವಲ್ಲವೆಂದು ಘೋಷಿಸಿದರು.

ಆದರೆ ಇವರ ಎಲ್ಲ ತೀರ್ಪುಗಳೂ ದುರ್ಬಲರ ಪರವಾಗಿರಲಿಲ್ಲ. ಅದೇ 1842ರಲ್ಲಿ, ಸಹೋದ್ಯೋಗಿಯ ಅಜಾಗರೂಕತೆಯಿಂದ ಕೈ ಕಳೆದುಕೊಂಡ ರೈಲ್ವೆ ನೌಕರನಿಗೆ ಕಂಪನಿಯು ಪರಿಹಾರ ನೀಡಬೇಕಿಲ್ಲವೆಂದು ನಿರ್ಣಯಿಸಿದರು. ಕಪ್ಪು ಜನಾಂಗದ ಬಾಲಕಿ ಸಾರಾ ರಾಬರ್ಟ್ಸ್‌ಳಿಗೆ ಮನೆಯ ಸಮೀಪದ ಶಾಲೆಯಲ್ಲಿ ಪ್ರವೇಶ ಕೋರಿ ಚಾರ್ಲ್ಸ್ ಸಮ್ನರ್ ಹಾಗೂ ಕಪ್ಪು ಜನಾಂಗದ ವಕೀಲ ರಾಬರ್ಟ್ ಮಾರಿಸ್ ವಾದಿಸಿದಾಗ, ಪ್ರತ್ಯೇಕ ಶಾಲೆಗಳ ವ್ಯವಸ್ಥೆಯನ್ನೇ ಎತ್ತಿಹಿಡಿದರು. ಗುಲಾಮಗಿರಿಯನ್ನು ವೈಯಕ್ತಿಕವಾಗಿ ವಿರೋಧಿಸುತ್ತಿದ್ದರೂ, ಒಕ್ಕೂಟದ ಸಂವಿಧಾನ ಹಾಗೂ ಕಾನೂನಿಗೆ ತಾವು ಬದ್ಧರೆಂದು ಭಾವಿಸಿ, 1851ರಲ್ಲಿ ತಪ್ಪಿಸಿಕೊಂಡು ಬಂದಿದ್ದ ಥಾಮಸ್ ಸಿಮ್ಸ್ ಅವರ ಬಿಡುಗಡೆಗೆ ಆದೇಶಿಸಲು ನಿರಾಕರಿಸಿದರು. ಸಿಮ್ಸ್ ಅವರನ್ನು ಜಾರ್ಜಿಯಾಕ್ಕೆ ಮರಳಿ ಕಳುಹಿಸಲಾಯಿತು.

ಈ ತೀರ್ಪುಗಳ ಪರಿಣಾಮ ದೀರ್ಘಕಾಲ ಉಳಿಯಿತು. ಮ್ಯಾಸಚೂಸೆಟ್ಸ್ ಶಾಸನಸಭೆಯು 1855ರಲ್ಲಿಯೇ ಶಾಲೆಗಳಲ್ಲಿ ವರ್ಣಭೇದವನ್ನು ನಿಷೇಧಿಸಿತು. ಆದರೂ 1896ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ರೈಲುಗಳಲ್ಲಿನ ಪ್ರತ್ಯೇಕತೆಯನ್ನು ಸಮರ್ಥಿಸುವಾಗ ರಾಬರ್ಟ್ಸ್ ಪ್ರಕರಣವನ್ನು ಆಧಾರವಾಗಿ ಬಳಸಿತು. ಸಾರ್ವಜನಿಕ ಶಾಲೆಗಳಲ್ಲಿನ ಪ್ರತ್ಯೇಕತೆಯು ಸಂವಿಧಾನಬಾಹಿರವೆಂದು ಅದೇ ನ್ಯಾಯಾಲಯವು ಸಾರಿದ್ದು 1954ರಲ್ಲಿ. ಗಾಯಗೊಂಡ ಕಾರ್ಮಿಕರಿಗೆ ಮ್ಯಾಸಚೂಸೆಟ್ಸ್‌ನಲ್ಲಿ ಪರಿಹಾರ ಕಾಯಿದೆ ರೂಪುಗೊಂಡದ್ದು 1911ರಲ್ಲಿ.

ಪ್ರಸಿದ್ಧ ಕಾದಂಬರಿಕಾರ ಹರ್ಮನ್ ಮೆಲ್ವಿಲ್ ಅವರು 1847ರಲ್ಲಿ ಶಾ ಅವರ ಪುತ್ರಿ ಎಲಿಜಬೆತ್ ಅವರನ್ನು ವಿವಾಹವಾದರು. ಶಾ ಅವರು 1860ರಲ್ಲಿ ನಿವೃತ್ತರಾಗಿ, 1861ರ ಮಾರ್ಚ್ 30ರಂದು ಬೋಸ್ಟನ್‌ನಲ್ಲಿ ನಿಧನರಾದರು. ಒಬ್ಬ ಬಾಲಕಿಗೆ ಬಿಡುಗಡೆ ನೀಡಿದ ಹಾಗೂ ಮತ್ತೊಬ್ಬ ಬಾಲಕಿಗೆ ಶಾಲೆಯ ಬಾಗಿಲು ಮುಚ್ಚಿದ ಲೇಖನಿ ಒಂದೇ ಆಗಿತ್ತು. ನ್ಯಾಯಾಧೀಶರ ಕಾಲಾನಂತರವೂ ಅವರ ತೀರ್ಪುಗಳು ಜನಜೀವನವನ್ನು ರೂಪಿಸುತ್ತವೆ ಎಂಬುದಕ್ಕೆ ಇವರ ವೃತ್ತಿಜೀವನವು ನಿದರ್ಶನವಾಗಿದೆ.