ಪ್ಯಾರಿಸ್ ಕೆಡವಿ ಕಟ್ಟಿದ ಹೌಸ್‌ಮನ್: ಕುರ್ಚಿ ಕಸಿದಿದ್ದು ಸಾಲದ ಲೆಕ್ಕ

ನೇರವಾದ ಅಗಲ ರಸ್ತೆಗಳು, ಎರಡೂ ಬದಿಗೆ ಮರಗಳ ಸಾಲು, ಒಂದೇ ಎತ್ತರಕ್ಕೆ ನಿಂತ ತಿಳಿ ಬಣ್ಣದ ಕಲ್ಲಿನ ಕಟ್ಟಡಗಳು. ಪ್ಯಾರಿಸ್ ಎಂದ ಕೂಡಲೇ ಕಣ್ಣ ಮುಂದೆ ಬರುವ ಈ ನೋಟ ಬಹುಪಾಲು ರೂಪುಗೊಂಡಿದ್ದು ಕೇವಲ 17 ವರ್ಷಗಳಲ್ಲಿ, ಒಬ್ಬ ಅಧಿಕಾರಿಯ ಉಸ್ತುವಾರಿಯಲ್ಲಿ. ಆತ ವಾಸ್ತುಶಿಲ್ಪಿಯಲ್ಲ, ಎಂಜಿನಿಯರ್ ಕೂಡ ಅಲ್ಲ. ಕಾನೂನು ಓದಿ ಸರ್ಕಾರಿ ಕೆಲಸಕ್ಕೆ ಸೇರಿದವನು. ಹೆಸರು ಜಾರ್ಜ್ ಯೂಜೀನ್ ಹೌಸ್‌ಮನ್. ಫ್ರೆಂಚರ ಬಾಯಲ್ಲಿ ಓಸ್ಮಾನ್. ನಗರದ ನಡುಭಾಗದಲ್ಲಿ ಸಾವಿರಾರು ಮನೆಗಳನ್ನು ಕೆಡವಿದಾಗಲೂ ಅಲುಗಾಡದ ಆತನ ಕುರ್ಚಿ, ಕೊನೆಗೆ ಉರುಳಿದ್ದು ಲೆಕ್ಕಪತ್ರದ ವಿಚಾರಕ್ಕೆ.

ಕಾಲರಾ ಕಾಡಿದ ನಗರ

ಹೌಸ್‌ಮನ್ ಹುಟ್ಟಿದ್ದು 1809ರ ಮಾರ್ಚ್ 27ರಂದು, ಪ್ಯಾರಿಸ್‌ನಲ್ಲೇ. ಅಲ್ಸೇಸ್ ಮೂಲದ ಪ್ರಾಟೆಸ್ಟಂಟ್ ಕುಟುಂಬ. ಆತ ಹುಟ್ಟಿದ ಮನೆ ಕೂಡ ಮುಂದೆ ಆತನದೇ ರಸ್ತೆ ಕಾಮಗಾರಿಗೆ ನೆಲಸಮವಾಯಿತು.

ಅಂದಿನ ಪ್ಯಾರಿಸ್ ಈಗಿನಂತಿರಲಿಲ್ಲ. ಬಿಸಿಲು ಬೀಳದ ಇಕ್ಕಟ್ಟು ಓಣಿಗಳು, ಬೀದಿ ನಡುವೆಯೇ ಹರಿಯುವ ಕೊಳಚೆ, ಕುಡಿಯಲು ಸೇನ್ ನದಿಯ ನೀರು. ಆ ಕೊಳಚೆ ಸೇರುತ್ತಿದ್ದದ್ದೂ ಅದೇ ನದಿಗೆ. 1832ರ ಕಾಲರಾಕ್ಕೆ ನಗರದಲ್ಲಿ 18 ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. 1849ರಲ್ಲಿ ಕಾಲರಾ ಮತ್ತೆ ಬಂತು. ಇದರ ಜತೆಗೆ 1830 ಮತ್ತು 1848ರಲ್ಲಿ ಜನ ದಂಗೆ ಎದ್ದು, ಇದೇ ಓಣಿಗಳಿಗೆ ಅಡ್ಡಗಟ್ಟೆ ಹಾಕಿ ಸೇನೆಯನ್ನು ತಡೆದಿದ್ದರು.

1831ರಲ್ಲಿ ಸೇವೆಗೆ ಸೇರಿದ ಹೌಸ್‌ಮನ್, ಎರಡು ದಶಕ ದೂರದ ಜಿಲ್ಲೆಗಳಲ್ಲೇ ಕೆಲಸ ಮಾಡಿದ. 1853ರ ಜೂನ್‌ನಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ಆತನನ್ನು ಪ್ಯಾರಿಸ್ ಒಳಗೊಂಡ ಸೇನ್ ಪ್ರಾಂತ್ಯದ ಪ್ರಿಫೆಕ್ಟ್ ಹುದ್ದೆಗೆ ನೇಮಿಸಿದ. ನಮ್ಮ ಲೆಕ್ಕದಲ್ಲಿ ಜಿಲ್ಲಾಧಿಕಾರಿ ಮತ್ತು ಪಾಲಿಕೆ ಆಯುಕ್ತ, ಎರಡೂ ಒಬ್ಬನೇ ಆದಂತೆ. ಎಲ್ಲೆಲ್ಲಿ ರಸ್ತೆ ಬೇಕು ಎಂದು ಬಣ್ಣದ ಗೆರೆ ಎಳೆದ ನಕ್ಷೆಯೊಂದನ್ನು ಚಕ್ರವರ್ತಿಯೇ ತನ್ನ ಕೈಗಿಟ್ಟಿದ್ದಾಗಿ ಹೌಸ್‌ಮನ್ ಆತ್ಮಕಥನದಲ್ಲಿ ಬರೆದುಕೊಂಡಿದ್ದಾನೆ.

ನೆಲದ ಮೇಲೆ, ನೆಲದ ಕೆಳಗೆ

ಮೊದಲು ನಡೆದಿದ್ದು ಅಳತೆ. ಊರಿನ ತುಂಬ ಮರದ ಗೋಪುರ ನಿಲ್ಲಿಸಿ ಸರ್ವೆ ಮಾಡಿಸಿ ನಿಖರ ನಕ್ಷೆ ತಯಾರಿಸಲಾಯಿತು. ಆಮೇಲೆ ಗುದ್ದಲಿ, ಹಾರೆ ಇಳಿದವು. ರಿವೋಲಿ ರಸ್ತೆ ಪೂರ್ವಕ್ಕೆ ಬೆಳೆಯಿತು. ಅದನ್ನು ಅಡ್ಡ ಹಾಯುವಂತೆ ಸೆಬಾಸ್ಟೊಪೋಲ್ ಬುಲೆವಾರ್ಡ್ 1858ರಲ್ಲಿ ತೆರೆಯಿತು. ನೊತ್ರೆ ದಾಮ್ ಚರ್ಚ್ ಇರುವ ಸಿತೆ ದ್ವೀಪದಲ್ಲಿ ಸುಮಾರು 15 ಸಾವಿರವಿದ್ದ ಜನಸಂಖ್ಯೆ 5 ಸಾವಿರಕ್ಕೆ ಇಳಿಯಿತು. 1860ರಲ್ಲಿ ಹೊರವಲಯದ ಹಳ್ಳಿಗಳು ಸೇರಿ, ನಗರದ ವಾರ್ಡ್‌ಗಳು 12ರಿಂದ 20ಕ್ಕೆ ಏರಿದವು.

ಕಣ್ಣಿಗೆ ಕಾಣದ ಕೆಲಸ ಇನ್ನೂ ದೊಡ್ಡದು. ಎಂಜಿನಿಯರ್ ಯೂಜೀನ್ ಬೆಲ್‌ಗ್ರಾಂಡ್ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬುಗ್ಗೆಗಳಿಂದ ನೀರು ತಂದ. ಡುಯಿ ಕಾಲುವೆಯ ನೀರು 1865ರಲ್ಲಿ ಪ್ಯಾರಿಸ್ ತಲುಪಿತು. ಸುಮಾರು 150 ಕಿ.ಮೀ. ಇದ್ದ ಒಳಚರಂಡಿ ಜಾಲ 500 ಕಿ.ಮೀ. ದಾಟಿತು. ಉದ್ಯಾನಗಳ ಹೊಣೆ ಹೊತ್ತ ಅಡಾಲ್ಫ್ ಅಲ್ಫಾಂಡ್, ಹಳೆಯ ಕಲ್ಲುಕ್ವಾರಿಯೊಂದನ್ನು ಬ್ಯೂಟ್ ಶೋಮೋಂ ಉದ್ಯಾನವಾಗಿ ಬದಲಿಸಿದ. 1867ರಲ್ಲಿ ಅದು ಜನರಿಗೆ ತೆರೆಯಿತು. ಇಂಥವರನ್ನು ಹುಡುಕಿ, ಅಧಿಕಾರ ಕೊಟ್ಟು, ವರ್ಷಗಟ್ಟಲೆ ಬೆನ್ನಿಗೆ ನಿಂತಿದ್ದೇ ಹೌಸ್‌ಮನ್‌ನ ದೊಡ್ಡ ಸಾಮರ್ಥ್ಯ.

ಮನೆ ಬಿಟ್ಟವರು ಎಲ್ಲಿ ಹೋದರು?

ಒಟ್ಟು ಸುಮಾರು 20 ಸಾವಿರ ಮನೆಗಳು ನೆಲಕ್ಕುರುಳಿದವು. ಅದರ ದುಪ್ಪಟ್ಟು ಹೊಸ ಮನೆಗಳು ಎದ್ದವು ಎನ್ನುವುದು ಹೌಸ್‌ಮನ್ ಕೊಟ್ಟ ಲೆಕ್ಕ. ಆದರೆ ಹೊಸ ಮನೆಗಳ ಬಾಡಿಗೆ ಹಳಬರ ಕೈಗೆಟುಕುವಂತಿರಲಿಲ್ಲ. ಮಾಲೀಕರಿಗೆ ಪರಿಹಾರ ಧಾರಾಳವಾಗಿಯೇ ಸಿಕ್ಕಿತು. ಕರಾರುಪತ್ರವಿಲ್ಲದೆ ಬಾಡಿಗೆಗಿದ್ದ ಕೂಲಿಕಾರರಿಗೆ ಬಹುತೇಕ ಏನೂ ದಕ್ಕಲಿಲ್ಲ. ಅವರು ಗಂಟುಮೂಟೆ ಕಟ್ಟಿ ಬೆಲ್‌ವಿಲ್‌ನಂಥ ಹೊರವಲಯಗಳಿಗೆ ಹೋದರು. ಅಲ್ಲಿಗೆ ಅಗಲ ರಸ್ತೆ, ಒಳ್ಳೆಯ ನೀರು ಬೇಗ ಬರಲಿಲ್ಲ. 1871ರ ಪ್ಯಾರಿಸ್ ಕಮ್ಯೂನ್ ಬಂಡಾಯಕ್ಕೆ ಇದೇ ಬೆಲ್‌ವಿಲ್ ಗಟ್ಟಿ ನೆಲೆಯಾಯಿತು.

ಇದು ಮುಂಬೈನವರಿಗೂ ಪರಿಚಿತ ಕಥೆ. 1896ರ ಪ್ಲೇಗ್ ಬಳಿಕ, 1898ರಲ್ಲಿ ಅಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಟ್ಟ ವಸತಿಯನ್ನು ಸೀಳಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳು ಬಂದವು. ರಸ್ತೆ ಬಂದಷ್ಟು ಬೇಗ ಬಡವರಿಗೆ ಬದಲಿ ಮನೆ ಬರಲಿಲ್ಲ.

ಮುಚ್ಚಿಟ್ಟ ಸಾಲ

ಹೌಸ್‌ಮನ್‌ನ ಲೆಕ್ಕಾಚಾರ ಸರಳವಾಗಿತ್ತು. ಸಾಲ ತಂದು ರಸ್ತೆ ಮಾಡಬೇಕು, ಅಕ್ಕಪಕ್ಕದ ಜಾಗಕ್ಕೆ ಬೆಲೆ ಬಂದಾಗ ಮಾರಿ ಸಾಲ ತೀರಿಸಬೇಕು. 1852ರ ಆದೇಶದಿಂದ ಇದಕ್ಕೆ ದಾರಿಯೂ ಇತ್ತು. ಆದರೆ ರಸ್ತೆಗೆ ಬಳಸದ ಜಾಗವನ್ನು ಮೂಲ ಮಾಲೀಕರಿಗೇ ಮರಳಿಸಬೇಕೆಂದು 1858ರಲ್ಲಿ ಫ್ರಾನ್ಸ್‌ನ ಉನ್ನತ ಆಡಳಿತ ನ್ಯಾಯಮಂಡಳಿ ಹೇಳಿತು. ಬೆಲೆ ಏರಿಕೆಯ ಲಾಭ ಪಾಲಿಕೆಯ ಕೈತಪ್ಪಿತು.

ಆಗ ಹೌಸ್‌ಮನ್ ಅಡ್ಡದಾರಿ ಹಿಡಿದ. ಜಾಗ ಖರೀದಿಯಿಂದ ರಸ್ತೆಯವರೆಗಿನ ಖರ್ಚನ್ನೆಲ್ಲ ಗುತ್ತಿಗೆದಾರರೇ ಹಾಕಬೇಕು, ಪಾಲಿಕೆ ಹಲವು ವರ್ಷಗಳ ಕಂತಿನಲ್ಲಿ ಬಡ್ಡಿ ಸಮೇತ ಕೊಡುತ್ತದೆ ಎಂಬ ಒಪ್ಪಂದ. ಆ ಬಾಕಿಯ ಪತ್ರಗಳನ್ನು ಒತ್ತೆಯಿಟ್ಟು ಗುತ್ತಿಗೆದಾರರು ಕ್ರೆಡಿ ಫೋನ್ಸಿಯೆ ಎಂಬ ಬ್ಯಾಂಕ್‌ನಿಂದ ಹಣ ಎತ್ತಿದರು. ಹೆಸರು ಕಂತು, ಒಳಗೆ ಸಾಲ. ಸಂಸತ್ತಿನ ಒಪ್ಪಿಗೆ ಮಾತ್ರ ಇರಲಿಲ್ಲ. 1868ರಲ್ಲಿ ಜೂಲ್ಸ್ ಫೆರಿ ಎಂಬ ವಕೀಲ ಈ ಲೆಕ್ಕವನ್ನು ಬಿಡಿಸಿಟ್ಟು ವ್ಯಂಗ್ಯಭರಿತ ಬರಹ ಪ್ರಕಟಿಸಿದ. ಆತ ಮುಂದೆ ಫ್ರಾನ್ಸ್‌ನ ಪ್ರಧಾನಿಯಾದ. ಮನೆ ಕಳೆದುಕೊಂಡವರ ಕೂಗು ಮುಟ್ಟದ ಸಂಸತ್ತಿಗೆ ತೆರಿಗೆದಾರರ ಸಿಟ್ಟು ಮುಟ್ಟಿತು. 1870ರ ಜನವರಿಯಲ್ಲಿ ಹೌಸ್‌ಮನ್‌ನನ್ನು ವಜಾ ಮಾಡಲಾಯಿತು.

ಅದೇ ವರ್ಷ ಪ್ರಶ್ಯ ವಿರುದ್ಧದ ಯುದ್ಧದಲ್ಲಿ ಫ್ರಾನ್ಸ್ ಸೋತು, ಚಕ್ರವರ್ತಿಯ ಆಡಳಿತವೂ ಮುಗಿಯಿತು. ಬಳಿಕ ಹೌಸ್‌ಮನ್ ಕೆಲಕಾಲ ಕಾರ್ಸಿಕಾ ದ್ವೀಪದಿಂದ ಸಂಸದನಾಗಿದ್ದ. ಆತ್ಮಕಥನದ ಸಂಪುಟಗಳು ಹೊರಬರುತ್ತಿದ್ದಾಗಲೇ, 1891ರ ಜನವರಿ 11ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡ. ನಂತರ ಬಂದ ಸರ್ಕಾರಗಳು ಆತನನ್ನು ಎಷ್ಟೇ ಬೈದರೂ, ಆತ ಹಾಕಿದ ಗೆರೆಗಳನ್ನು ಅಳಿಸಲಿಲ್ಲ. ಅರ್ಧಕ್ಕೆ ನಿಂತ ರಸ್ತೆಗಳನ್ನು ಒಂದೊಂದಾಗಿ ಮುಗಿಸಿದವು. ಆತನದೇ ಹೆಸರು ಹೊತ್ತ ಹೌಸ್‌ಮನ್ ಬುಲೆವಾರ್ಡ್ ಪೂರ್ಣಗೊಂಡಿದ್ದು 1927ರಲ್ಲಿ, ಆತ ಹುದ್ದೆ ಬಿಟ್ಟು 57 ವರ್ಷಗಳ ನಂತರ.